ಕುಟ್ಟಾಣಿಯ ಮೇಲಿನ ಹೆಬ್ಬೆರಳು

ಆ ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ಲವಣ ಕಾಲಮಾಪಕ. ಪ್ರಯೋಗಾಲಯದಲ್ಲಿ ಅದನ್ನು ಆ ಹೆಸರು ಹಿಡಿದು ಕರೆದವರು ಒಬ್ಬರೂ ಇಲ್ಲ. ಎಲ್ಲರ ಬಾಯಲ್ಲೂ ಅದು ಜಾತಕದ ಮಿಷನ್ನು. ಬೆರಳಚ್ಚು ಯಾರದು ಎಂದು ಹೇಳುವುದು ನೂರು ವರ್ಷ ಮೀರಿದ ವಿದ್ಯೆ. ಅದು ಹುಟ್ಟಿದ್ದು ಯಾವಾಗ ಎಂದು ಹೇಳುವುದು ಮಾತ್ರ ಯಾರಿಗೂ ಕೈಹತ್ತಿರಲಿಲ್ಲ. ಈಗ ಹತ್ತಿತ್ತು, ಗುರುತು ಲೋಹದ ಮೇಲಿದ್ದರೆ.

ಪಂಕಜಾಕ್ಷಿಗೆ ಅಲ್ಲಿಂದ ಫೋನು ಬಂದಾಗ ಸನ್ಮಾನಕ್ಕೆ ಕರೆಯುತ್ತಿದ್ದಾರೆಂದೇ ಅವಳು ತಿಳಿದಳು. ಮೂವತ್ತೊಂದು ವರ್ಷ ಅದೇ ಕಟ್ಟಡದಲ್ಲಿ ಬೆರಳಚ್ಚು ತಜ್ಞೆಯಾಗಿದ್ದು ನಿವೃತ್ತಳಾದವಳು, ಐದು ವರ್ಷದ ಮೇಲಾದರೂ ನೆನಪಾಯಿತಲ್ಲ ಎಂದುಕೊಂಡು ಇಸ್ತ್ರಿ ಮಾಡಿದ ಸೀರೆ ತೆಗೆದಿಟ್ಟಳು. ಆದರೆ ಅವರಿಗೆ ಬೇಕಾಗಿದ್ದದ್ದು ಅವಳಲ್ಲ, ಅವಳ ಮನೆಯ ಪಾತ್ರೆ.

"ಹಳೇ ಹಿತ್ತಾಳೆ ಸಾಮಾನಿದ್ರೆ ಒಂದೆರಡು ತನ್ನಿ ಮೇಡಂ," ಎಂದಿದ್ದಳು ಯಂತ್ರದ ಉಸ್ತುವಾರಿಯ ಡಾಕ್ಟರ್ ತಸ್ಮಿಯಾ. "ಯಾವ ವರ್ಷದಲ್ಲಿ ಯಾರ್ಯಾರು ಮುಟ್ಟಿದ್ರು ಅಂತ ನಿಮಗೆ ಗೊತ್ತಿರೋದು. ಮಿಷನ್ನು ಸರಿ ಹೇಳತ್ತೋ ಸುಳ್ಳು ಹೇಳತ್ತೋ ನೋಡ್ಬೇಕು."

ಹೀಗಾಗಿ ಅವಳ ಮದುವೆಯ ಚೊಂಬು ಆ ದಿನ ಗಾಜಿನ ಗೂಡಿನೊಳಗೆ ಕೂತಿತ್ತು. ನೀಲಿ ಬೆಳಕಿನ ಒಂದು ಸೂಜಿ ಅದರ ಕತ್ತಿನ ಸುತ್ತ ಮೆಲ್ಲಗೆ ಓಡಾಡಿತು. ಪರದೆಯ ಮೇಲೆ ಒಂದೊಂದೇ ಬೆರಳು ಮೂಡತೊಡಗಿದವು. ನಾಲ್ಕನೆಯದನ್ನು ಕಂಡು ಪಂಕಜಾಕ್ಷಿ ಕುರ್ಚಿಯಿಂದ ಎದ್ದಳು. ಹೆಬ್ಬೆರಳಿನ ನಡುವೆ ಅಡ್ಡಕ್ಕೆ ಒಂದು ಗಾಯದ ಗೆರೆ. ಕೆಲಸ ಕಲಿಯುವಾಗ ಅವಳು ಅತ್ತೆಯ ಬೆರಳಿಗೆ ಮಸಿ ಹಚ್ಚಿ ಅಭ್ಯಾಸ ಮಾಡುತ್ತಿದ್ದಳು. ಈಳಿಗೆಮಣೆಯಲ್ಲಿ ಕುಯ್ದುಕೊಂಡ ಆ ಗೆರೆ ಅವಳಿಗೆ ಬಾಯಿಪಾಠವಾಗಿತ್ತು.

"ಇಪ್ಪತ್ತಾರು ವರ್ಷ, ಹೆಚ್ಚುಕಡಿಮೆ," ಎಂದಳು ತಸ್ಮಿಯಾ ಪರದೆ ನೋಡಿ.

"ನಮ್ಮತ್ತೆ ಹೋಗಿ ಇಪ್ಪತ್ತೊಂದು ವರ್ಷ ಆಯ್ತು."

"ಆದ್ರೂ ಚೊಂಬು ಬಿಟ್ಟಿಲ್ಲ ನೋಡಿ ಮೇಡಂ."

ಪಕ್ಕದಲ್ಲಿದ್ದವರು ನಕ್ಕರು. ಪಂಕಜಾಕ್ಷಿಯೂ ನಗಲು ಹೊರಟು ಅರ್ಧಕ್ಕೇ ನಿಂತಳು.

"ದಿನಾ ತೊಳೆಯೋ ಚೊಂಬು ಇದು. ಹುಣಸೆಹಣ್ಣು ಹಾಕಿ ತಿಕ್ತೀನಿ. ಹಬ್ಬಕ್ಕೆ ರಂಗೋಲಿಪುಡಿ ಬೇರೆ. ಗುರುತು ಹೇಗೆ ಉಳೀತು?"

ತಸ್ಮಿಯಾ ಉತ್ಸಾಹದಿಂದ ವಿವರಿಸಿದಳು, ಪಾಪ, ಆ ಹುಡುಗಿಗೇನು ಗೊತ್ತು. ಬೆರಳಿನ ಬೆವರಿನಲ್ಲಿ ಉಪ್ಪಿರುತ್ತದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ. ಬೆವರಿನ ಉಪ್ಪು ಸತುವನ್ನು ಕಚ್ಚಿ ತಿನ್ನುತ್ತಾ ಒಳಕ್ಕಿಳಿಯುತ್ತದೆ, ತಾಮ್ರವನ್ನು ಬಿಟ್ಟುಬಿಡುತ್ತದೆ. ಕೆಲವರ ಬೆವರು ಹೆಚ್ಚು ಖಾರ, ಕೆಲವರದು ಸಪ್ಪೆ. ಸತುವು ಎಷ್ಟು ಆಳದವರೆಗೆ ಖಾಲಿಯಾಗಿದೆ ಎಂದು ಅಳೆದರೆ ವರ್ಷ ಸಿಗುತ್ತದೆ. "ಹುಣಸೆಹಣ್ಣು ಮೇಲಿನ ಕಿಲುಬು ತೆಗೆಯತ್ತೆ ಅಷ್ಟೇ ಮೇಡಂ. ಕೆಳಗಿನ ಗುರುತು ಹೋಗಲ್ಲ. ನಿಜ ಹೇಳಬೇಕಂದ್ರೆ ತಿಕ್ಕಿದಷ್ಟೂ ಇನ್ನೂ ಹೊಸದರ ಹಾಗೆ ಕಾಣತ್ತೆ."

ಪಂಕಜಾಕ್ಷಿ ಚೊಂಬನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು.

ಮನೆಯಲ್ಲಿ ಗಂಡ ನಾಗಭೂಷಣ, ನಿವೃತ್ತ ಹೈಸ್ಕೂಲು ಮೇಷ್ಟ್ರು, ಹಾರ ಎಲ್ಲಿ ಎಂದು ರೇಗಿಸಲು ಕಾದು ಕೂತಿದ್ದರು. ಅವಳ ಮುಖ ನೋಡಿ ಆ ಮಾತು ನುಂಗಿಕೊಂಡರು. ಅವಳು ನೇರ ಅಡುಗೆಮನೆಗೆ ಹೋಗಿ, ದೀಪದ ಕಂಬ ತೆಗೆದು, ಹುಣಸೆಹಣ್ಣು ಕಿವುಚಿ ತಿಕ್ಕತೊಡಗಿದಳು.

"ಶುಕ್ರವಾರ ನಾಳೆ ಕಣೇ ಪಂಕಜ."

"ಗೊತ್ತು ಕಣ್ರೀ," ಎಂದಳು. ತಿಕ್ಕಿದಳು, ತೊಳೆದಳು, ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದರೆ ಕಂಬದ ಬುಡದಲ್ಲಿ ಒಂದು ತೋರುಬೆರಳು ಸ್ಪಷ್ಟವಾಗಿ ಕಾಣಿಸಿತು. ಯಾವ ಕಾಲದ್ದೋ ಏನೋ. ಅವಳು ನೆಲದ ಮೇಲೆ ಕೂತುಬಿಟ್ಟಳು.

"ಒಬ್ಬನ್ನ ಜೈಲಿಗೆ ಕಳಿಸಿದ್ದೀನಿ ಕಣ್ರೀ," ಎಂದಳು. "ಓದಿದ ವಿದ್ಯೆಯಿಂದ ಅಲ್ಲ. ಈ ಅಡುಗೆಮನೆ ತಿಳುವಳಿಕೆಯಿಂದ."

ಹದಿನೇಳು ವರ್ಷದ ಹಿಂದಿನ ಮಾತು. ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಗೌರಿ ಹಬ್ಬದ ಮಾರನೆಯ ದಿನ ಗಂಗಮ್ಮ ಎಂಬ ಮುದುಕಿಯನ್ನು ಯಾರೋ ತಲೆಗೆ ಹೊಡೆದು ಕೊಂದು ಕತ್ತಿನ ಸರ ಕಿತ್ತುಕೊಂಡು ಹೋಗಿದ್ದರು. ಹೊಡೆದದ್ದು ಆಕೆ ಎಲೆಅಡಿಕೆ ಕುಟ್ಟಿಕೊಳ್ಳುತ್ತಿದ್ದ ಹಿತ್ತಾಳೆಯ ಕುಟ್ಟಾಣಿಯಲ್ಲಿ, ಎರಡು ಕೇಜಿ ತೂಕದ್ದು. ಅದರ ಮೇಲೆ ಒಂದು ಹೆಬ್ಬೆರಳಿನ ಗುರುತು ಸಿಕ್ಕಿತು. ಕಡತ ಹುಡುಕಿದರೆ, ಹಿಂದೊಮ್ಮೆ ಇಸ್ಪೀಟು ಆಡುವಾಗ ಪೊಲೀಸರ ಕೈಗೆ ಸಿಕ್ಕಿದ್ದ ವೀರಾಚಾರಿ ಎಂಬ ಕೂಲಿಯವನ ಬೆರಳಿಗೆ ಅದು ಹೊಂದಿತು. ಹೊಂದಿಸಿದವಳು ಪಂಕಜಾಕ್ಷಿ. ಅದರಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಇಲ್ಲ. ಅದು ಅವನ ಹೆಬ್ಬೆರಳೇ.

ತಪ್ಪಾದದ್ದು ಆಮೇಲೆ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, "ಈ ಗುರುತು ಎಷ್ಟು ಹಳೆಯದು?" ಎಂದು ಕೇಳಿದರು. ಹೇಳಲು ಬರುವುದಿಲ್ಲ ಸ್ವಾಮಿ ಎನ್ನಬೇಕಿತ್ತು. ತರಬೇತಿಯಲ್ಲಿ ಕಲಿಸಿದ್ದೂ ಅಷ್ಟೇ. ಆದರೆ ಅವಳಿಗಿಂತ ಮೊದಲು ಸಾಕ್ಷಿ ಹೇಳಿದ್ದ ಗಂಗಮ್ಮನ ಸೊಸೆ, ಹಬ್ಬಕ್ಕೆಂದು ಹಿಂದಿನ ದಿನ ಮನೆಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಾಕಿ ತೊಳೆದಿದ್ದೆ ಎಂದಿದ್ದಳು. ಪಂಕಜಾಕ್ಷಿ ಆಗ ಒಳ್ಳೆ ಹೆಸರು ಮಾಡಿದ್ದ ಕಾಲ. ಉತ್ತರ ಗೊತ್ತಿಲ್ಲ ಎನ್ನುವುದು ಅವಳಿಗೆ ಅವಮಾನವಾಗಿ ಕಂಡಿತು. "ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆಯ ಮೇಲೆ ಹಳೆಯ ಗುರುತು ಉಳಿಯುವುದಿಲ್ಲ. ಇದು ತೊಳೆದ ಮೇಲೆ ಬಿದ್ದದ್ದು," ಎಂದುಬಿಟ್ಟಳು. ನ್ಯಾಯಾಧೀಶರು ತಲೆಯಾಡಿಸಿದರು. ಅವರ ಮನೆಯಲ್ಲೂ ಹಿತ್ತಾಳೆಯಿತ್ತು. ಸರ್ಕಾರಿ ವಕೀಲರ ಮನೆಯಲ್ಲೂ, ಆರೋಪಿಯ ವಕೀಲರ ಮನೆಯಲ್ಲೂ ಇತ್ತು. ಎಲ್ಲರ ಮನೆಯಲ್ಲೂ ಹುಣಸೆಹಣ್ಣಿನಲ್ಲೇ ತೊಳೆಯುತ್ತಿದ್ದರು. ಹಾಗಾಗಿ ಆ ಮಾತಿಗೆ ಪಾಟೀಸವಾಲು ಮಾಡಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ. ವೀರಾಚಾರಿಗೆ ಜೀವಾವಧಿ ಆಯಿತು.

ನಾಗಭೂಷಣ ದೀಪದ ಕಂಬವನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, "ಅವನು ಇನ್ನೂ ಒಳಗಿದಾನಾ?" ಎಂದರು.

ಇದ್ದ. ವಕೀಲ ಚಂದ್ರಕೀರ್ತಿ ಎರಡೇ ದಿನದಲ್ಲಿ ಪತ್ತೆ ಮಾಡಿ ಹೇಳಿದರು. ನಾಗಭೂಷಣರ ಹಳೆಯ ವಿದ್ಯಾರ್ಥಿ ಅವರು. ಮೇಷ್ಟ್ರ ಹೆಂಡತಿ ಎದುರಿಗೆ ಕೂತಿದ್ದಾಳೆಂದು ಕಾಲು ಮಡಚಿಕೊಂಡೇ ಕೂತು ಕಡತ ತಿರುವಿದರು. ಮೇಲ್ಮನವಿ ಎಂದೋ ವಜಾ ಆಗಿತ್ತು, ದೆಹಲಿಯ ಸುಪ್ರೀಂ ಕೋರ್ಟಿನವರು ಅರ್ಜಿಯನ್ನು ಒಳಕ್ಕೇ ಬಿಟ್ಟುಕೊಂಡಿರಲಿಲ್ಲ.

"ಕ್ಷಮಾದಾನ ಕೇಳಬಹುದು ಅಮ್ಮ, ಆದ್ರೆ ಅದು ತಪ್ಪು ಮಾಡಿದೋನು ಕೇಳೋದು. ಸನ್ನಡತೆ ಮೇಲೆ ಬಿಡಿಸ್ಬೋದು. ಅದಕ್ಕೆ ಪಶ್ಚಾತ್ತಾಪ ಆಗಿದೆ ಅಂತ ಬರೆದುಕೊಡಬೇಕು. ಈ ಮನುಷ್ಯ ಮೂರು ಸಲ ಕೊಡಲ್ಲ ಅಂದಿದಾನೆ."

"ಬರೆದುಕೊಟ್ಟಿದ್ರೆ?"

"ಮೂರು ವರ್ಷದ ಹಿಂದೆ ಮನೆಗೆ ಹೋಗಿರೋನು."

ಉಳಿದಿದ್ದದ್ದು ಒಂದೇ ದಾರಿ, ಆಗಷ್ಟೇ ಬಂದಿದ್ದ ಮರುಪರಿಶೀಲನಾ ಕಾಯ್ದೆ. ಶಿಕ್ಷೆ ಅಂತಿಮವಾದ ಮೇಲೂ ಹೊಸ ಸಾಕ್ಷ್ಯ ಸಿಕ್ಕರೆ ವಿಶೇಷ ಪೀಠದ ಮುಂದೆ ಹೋಗಬಹುದು. ಆದರೆ ಅದಕ್ಕೊಂದು ಬಿಗಿ ಷರತ್ತಿತ್ತು. ಆ ಸಾಕ್ಷ್ಯ ಆಗ ಎಷ್ಟು ಪ್ರಯತ್ನಪಟ್ಟರೂ ಶಿಕ್ಷೆಯಾದವನ ಕೈಗೆ ಸಿಗುವಂತಿರಲಿಲ್ಲ ಎಂದು ತೋರಿಸಬೇಕು. "ಜಾತಕದ ಮಿಷನ್ನು ಆಗ ಇರಲೇ ಇಲ್ವಲ್ಲ, ಆ ಯೋಚನೆ ಬೇಡ," ಎಂದರು ಚಂದ್ರಕೀರ್ತಿ. "ಕುಟ್ಟಾಣಿ ಬೇಕು. ಅದನ್ನ ಕೋರ್ಟು ಮುದ್ದೆಮಾಲು ಕೋಣೆಯಿಂದ ಆ ಮನೆಯವರಿಗೇ ವಾಪಸು ಕೊಟ್ಟುಬಿಟ್ಟಿದೆ. ಕರಗಿಸಿಬಿಟ್ಟಿದ್ರೆ ಎಲ್ಲಾ ಮುಗೀತು."

ಆ ಮನೆಗೆ ಪಂಕಜಾಕ್ಷಿ ಒಬ್ಬಳೇ ಹೋದಳು. ಗಂಗಮ್ಮನ ಸೊಸೆ ಸಾವಂತ್ರಮ್ಮನಿಗೆ ಈಗ ಅರವತ್ತರ ಹತ್ತಿರ. ಕೊಬ್ಬರಿ ಹರವಿದ್ದ ಅಂಗಳದಿಂದ ಎದ್ದುಬಂದು ಗುರುತು ಹಿಡಿದಳು.

"ಕೋರ್ಟ್ನಾಗೆ ನೋಡಿದ್ದೆ ನಿಮ್ಮುನ್ನ. ಕುಂತ್ಕಳಿ. ನೀರು ಕುಡೀರಿ."

ನೀರು ಕುಡಿದು ಪಂಕಜಾಕ್ಷಿ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೋದಂತೆ ಸಾವಂತ್ರಮ್ಮನ ಮುಖ ಗಂಟಾಯಿತು.

"ಹಂಗಾರೆ ನಾನು ತೊಳೆದಿದ್ದು ಸುಳ್ಳು ಅಂತೀರೇನಮ್ಮ? ನಮ್ಮತ್ತೆಮ್ಮನ ಮೇಲಾಣೆ, ಕೈಯಾರೆ ತೊಳ್ದಿದ್ದೀನಿ."

"ನೀವು ತೊಳೆದಿದ್ದು ನಿಜ. ನೀವು ಹೇಳಿದ್ದೂ ನಿಜ. ಅದರ ಮೇಲೆ ನಾನು ಹೇಳಿದ್ದು ತಪ್ಪು."

"ಅವನೇ ಅಂತ ನಂಬ್ಕಂಡು ದಿನಾ ಶಾಪ ಹಾಕಿದ್ದೀನಿ ಕಣಮ್ಮ. ದಿನಾ, ಒಲೆ ಹಚ್ಚುವಾಗ." ಬಗ್ಗಿ ಒಂದು ಕೊಬ್ಬರಿ ಹೋಳು ಮಗುಚಿ ಹಾಕಿದಳು. "ಅವನಲ್ಲ ಅಂದ್ರೆ ಯಾರು ಮತ್ತೆ?"

ಒಬ್ಬ ಸಿಕ್ಕಿದನೆಂದು ಪೊಲೀಸರು ಅಲ್ಲಿಗೇ ಹುಡುಕುವುದನ್ನು ಬಿಟ್ಟಿದ್ದರು. ನಿಜವಾಗಿ ಹೊಡೆದವನು ಪಂಕಜಾಕ್ಷಿಯ ಒಂದು ಮಾತಿನ ಮರೆಯಲ್ಲಿ ಹದಿನೇಳು ವರ್ಷ ಆರಾಮವಾಗಿ ಉಂಡು ಮಲಗಿದ್ದ. ಇಷ್ಟು ದಿನ ಈ ಯೋಚನೆಯೇ ಬಂದಿರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಸಾವಂತ್ರಮ್ಮ ಒಳಗೆ ಹೋಗಿ ಅಟ್ಟದಿಂದ ಒಂದು ಬಟ್ಟೆಯ ಗಂಟು ತಂದಳು. ಕೋರ್ಟಿನ ಅರಗು ಇನ್ನೂ ಅದಕ್ಕೆ ಅಂಟಿಕೊಂಡಿತ್ತು. "ಬಿಚ್ಚಿಲ್ಲ. ಬಿಚ್ಚಿ ತೊಳ್ಯಾಕೆ ಕೈ ಬರ್ನಿಲ್ಲ. ತಗಂಡೋಗಿ," ಎಂದು ಅವಳ ಮಡಿಲಿಗೆ ಇಟ್ಟಳು. ಅದನ್ನು ಯಾವಾಗ ಕೊಂಡದ್ದು ಎಂದು ಕೇಳಿದಾಗ, ದೊಡ್ಡ ಮಗಳ ನಾಮಕರಣಕ್ಕೆ ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ಕೊಂಡು, ಅಲ್ಲೇ ಅತ್ತೆಯ ಹೆಸರು ಹಾಕಿಸಿದ್ದು, ಮಗಳಿಗೆ ಈಗ ಇಪ್ಪತ್ಮೂರು ಎಂದಳು.

ಪ್ರಯೋಗಾಲಯದಲ್ಲಿ ನೀಲಿ ಸೂಜಿ ಕುಟ್ಟಾಣಿಯ ಹೊಟ್ಟೆಯ ಮೇಲೆ ಇಡೀ ಬೆಳಿಗ್ಗೆ ಓಡಾಡಿತು. ಕೊನೆಗೆ ತಸ್ಮಿಯಾ ಕುರ್ಚಿಗೆ ಒರಗಿದಳು. ಅವಳ ದನಿ ಇಳಿದಿತ್ತು.

"ಇಪ್ಪತ್ಮೂರು ವರ್ಷ ಮೇಡಂ. ಆದ್ರೆ ಈ ಹಿತ್ತಾಳೆ ಬೆರಕೆ ಸರಿಯಿಲ್ಲ. ಆಕಡೆ ಏಳು ವರ್ಷ, ಈಕಡೆ ಏಳು ವರ್ಷ ಹಿಡೀಬೇಕು."

ಪಂಕಜಾಕ್ಷಿ ಬೆರಳು ಮಡಚಿ ಲೆಕ್ಕ ಹಾಕಿದಳು. ಹದಿನಾರರಿಂದ ಮೂವತ್ತು. ಕೊಲೆಯಾಗಿ ಹದಿನೇಳು. ಒಂದೇ ಒಂದು ವರ್ಷದ ಸಂದಿಯಲ್ಲಿ ಕೊಲೆಯ ದಿನವೂ ಒಳಗೆ ತೂರಿಕೊಂಡಿತ್ತು. ಸರ್ಕಾರಿ ವಕೀಲ ಆ ಸಂದಿಯಲ್ಲೇ ಕಾಲಿಟ್ಟು ನಿಲ್ಲುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅಂಥವರ ಜೊತೆಗೇ ಅವಳು ಮೂವತ್ತೊಂದು ವರ್ಷ ಕೆಲಸ ಮಾಡಿದ್ದಳು.

ಸುಮ್ಮನೆ ಕೂರಲಾರದೆ ಕೈಚೀಲದಿಂದ ಹಳೆಯ ಭೂತಗನ್ನಡಿ ತೆಗೆದಳು. ಕುಟ್ಟಾಣಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಗಂಗಮ್ಮ ಎಂದು ಕೊರೆದಿತ್ತು. ಪಾತ್ರೆ ಅಂಗಡಿಯ ಮುಂದೆ ಕೂತು ಸಣ್ಣ ಉಳಿ, ಸುತ್ತಿಗೆ ಹಿಡಿದು ಹೆಸರು ಹಾಕಿಕೊಡುವವರ ಕೆಲಸ. ಹೆಬ್ಬೆರಳಿನ ಗುರುತು ಕೊನೆಯ ಅಕ್ಷರದ ಪಕ್ಕದಲ್ಲೇ ಇತ್ತು. ಅಕ್ಷರದ ಕೊನೆಯ ಎರಡು ಚುಕ್ಕಿ ಗುರುತಿನ ಅಂಚನ್ನು ಹೊಕ್ಕಿದ್ದವು. ಅವಳು ಇನ್ನೂ ಬಗ್ಗಿದಳು. ಬೆರಳಿನ ಗೆರೆಗಳು ಚುಕ್ಕಿಯ ಮೇಲೆ ಹಾದುಹೋಗಿರಲಿಲ್ಲ. ಉಳಿ ಹೊಡೆದ ಕಡೆ ಲೋಹದ ಜೊತೆಗೆ ಬಾಗಿ ಗುಳಿಯೊಳಕ್ಕೆ ಇಳಿದು ಮುರಿದಿದ್ದವು.

"ತಸ್ಮಿಯಾ, ಇಲ್ಲಿ ನೋಡು."

ತಸ್ಮಿಯಾ ನೋಡಿದಳು. ಯಂತ್ರದ ದೊಡ್ಡ ಪರದೆಯಲ್ಲಿ ಮತ್ತೆ ನೋಡಿದಳು. "ಬೆರಳು ಮೊದಲು. ಅಕ್ಷರ ಆಮೇಲೆ," ಎಂದಳು ಮೆಲ್ಲಗೆ.

ಹೆಸರು ಕೊರೆಯುವವನು ಎಡಗೈಯಲ್ಲಿ ಪಾತ್ರೆ ಹಿಡಿದಿರುತ್ತಾನೆ. ಹೆಬ್ಬೆರಳು ಅಕ್ಷರದ ಪಕ್ಕದಲ್ಲಿರುತ್ತದೆ, ಕೊನೆಗೆ ಜಾಗ ಸಾಲದೆ ಬೆರಳು ಸರಿಸಿ ಅದೇ ಜಾಗದಲ್ಲಿ ಉಳಿಯಿಡುತ್ತಾನೆ. ಹೆಬ್ಬೆರಳು ಯಾರದೋ ಹೆಸರು ಕೊರೆದವನೂ ಅವನೇ. ಅಲ್ಲಿಗೆ ವಿಷಯ ಮುಗಿಯಿತು. ವೀರಾಚಾರಿ ಆ ಕುಟ್ಟಾಣಿ ಮುಟ್ಟಿದ್ದು ಅದಕ್ಕೆ ಹೆಸರು ಬೀಳುವ ಮೊದಲು, ಇಪ್ಪತ್ಮೂರು ವರ್ಷದ ಹಿಂದೆ, ಪಾತ್ರೆ ಅಂಗಡಿಯ ಬಾಗಿಲಲ್ಲಿ. ಇದನ್ನು ಹೇಳುವುದಕ್ಕೆ ಜಾತಕದ ಮಿಷನ್ನು ಬೇಕಿರಲಿಲ್ಲ. ಅವಳ ಕೈಯಲ್ಲಿದ್ದ ಈ ಭೂತಗನ್ನಡಿ ಸಾಕಿತ್ತು, ಆಗಲೂ ಇದೇ ಇತ್ತು. ಅಂದು ಕೋರ್ಟಿಗೆ ಗುರುತಿನ ಫೋಟೊ ದೊಡ್ಡದು ಮಾಡಿಸುವಾಗ ಅಕ್ಷರಗಳು ಅಡ್ಡ ಬರುತ್ತವೆಂದು ಅವಳೇ ಆ ಅಂಚನ್ನು ಕತ್ತರಿಸಿ ಹಾಕಿದ್ದಳು.

ಚಂದ್ರಕೀರ್ತಿಗೆ ಇದನ್ನು ಹೇಳಿದಾಗ ಅವರು ಸಂತೋಷಪಡಲಿಲ್ಲ. ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು.

"ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲಮ್ಮ. ಆದ್ರೆ ಇದು ಹೊಸದಲ್ಲ. ಭೂತಗನ್ನಡೀಲಿ ಕಾಣೋದು ಅವತ್ತೂ ಕಾಣ್ತಿತ್ತು. ನಿನ್ನ ವಕೀಲ ಯಾಕೆ ನೋಡಲಿಲ್ಲ, ನೀನು ಹೆಸರು ಕೊರೆಯೋನು ಅಂತ ಯಾಕೆ ಹೇಳಲಿಲ್ಲ ಅಂತ ವೀರಾಚಾರೀನ ಕೇಳ್ತಾರೆ. ಪ್ರಯತ್ನ ಪಟ್ಟಿದ್ರೆ ಸಿಗ್ತಿತ್ತು ಅಂದ್ರೆ ಕಾಯ್ದೆ ಪ್ರಕಾರ ಬಾಗಿಲು ಮುಚ್ಚತ್ತೆ."

"ನಿಜ ಅಂತ ಗೊತ್ತಾದ ಮೇಲೂ?"

"ನಿಜವೋ ಸುಳ್ಳೋ ಅಂತ ನೋಡೋದು ಬಾಗಿಲು ದಾಟಿದ ಮೇಲಮ್ಮ."

ಇನ್ನು ವೀರಾಚಾರಿಯನ್ನೇ ಕೇಳಬೇಕಿತ್ತು. ಜೈಲಿನ ಭೇಟಿ ಕೋಣೆಯಲ್ಲಿ ಎದುರಿಗೆ ಬಂದು ಕೂತವನು ತೆಳ್ಳಗಿನ, ನರೆತ ತಲೆಯ, ಮೆದು ಮಾತಿನ ಮನುಷ್ಯ. ಪಂಕಜಾಕ್ಷಿ ತಾನು ಯಾರೆಂದು ಹೇಳಿದಳು. ಅವನಿಗೆ ಗೊತ್ತಾಗಿತ್ತು.

"ಹೆಸರು ಹಾಕೋ ಕೆಲಸ ಮಾಡ್ತಿದ್ದೆ ಅಂತ ಯಾಕಪ್ಪ ಕೋರ್ಟಲ್ಲಿ ಹೇಳಲಿಲ್ಲ?" ಎಂದು ಚಂದ್ರಕೀರ್ತಿ ಕೇಳಿದರು.

"ಕರೆಂಟು ಮಿಷನ್ನು ಬಂದ್ಮೇಲೆ ಕೈಕೆಲಸ ಯಾರಿಗೂ ಬೇಡ ಆಯ್ತು ಸಾಮಿ. ಬಿಟ್ಟು ನಾಕು ವರ್ಷ ಆಗಿತ್ತು. ಕೊಬ್ಬರಿ ಮಂಡೀಲಿ ಮೂಟೆ ಹೊರ್ತಿದ್ದೆ, ಪೊಲೀಸ್ನೋರು ಕೂಲಿ ಅಂತ ಬರ್ಕೊಂಡ್ರು. ಜಡ್ಜು ಏನು ಕೇಳಿದ್ರೂ ಸುಳ್ಳು ಅನ್ನು ಅಂತ ನಮ್ಮ ವಕೀಲ್ರು ಹೇಳ್ಕೊಟ್ಟಿದ್ರು. ಎಲ್ಲಾದಕ್ಕೂ ಸುಳ್ಳು ಅಂದೆ. ಆ ಕುಟ್ಟಾಣೀನ ಬಟ್ಟೇಲಿ ಸುತ್ತಿಟ್ಟಿದ್ರು, ನಾನು ಹಿಂದೆ ಕಟಕಟೇಲಿ ನಿಂತಿದ್ದೆ. ಅದರ ಮೇಲೆ ಹೆಸರಿತ್ತು ಅಂತ ನಂಗೆ ಗೊತ್ತಾಗಿದ್ದೇ ಮೂರನೇ ವರ್ಷ, ಇಲ್ಲೊಬ್ರು ತೀರ್ಪು ಓದಿ ಹೇಳಿದಾಗ."

"ಗೊತ್ತಾದ ಮೇಲೆ ಯಾರಿಗಾದ್ರೂ ಹೇಳಿದ್ಯಾ?"

"ವಕೀಲ್ರು ಬರೋದು ಬಿಟ್ಟಿದ್ರು. ಮೇಲ್ಮನವಿಗೆ ಬೇರೆ ಯಾರೋ ಇದ್ರಂತೆ, ಅವರ ಮುಖ ನಾನು ನೋಡಿಲ್ಲ." ಅವನು ಪಂಕಜಾಕ್ಷಿಯ ಕಡೆ ತಿರುಗಿದ. "ಈ ಮೇಡಮ್ಮೋರಿಗೆ ಒಂದು ಕಾಗದ ಹಾಕಿದ್ದೆ. ಅಕ್ಷರ ಹೆಂಗಿದಾವೆ ನೋಡಿ, ನಾನು ಕೊರೆದಿದ್ದೇ ಇರ್ಬೋದು ಅಂತ. ತಲುಪಿತೋ ಇಲ್ವೋ."

ಚಂದ್ರಕೀರ್ತಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೂರನೇ ವರ್ಷವೆಂದರೆ ಮೇಲ್ಮನವಿ ಇನ್ನೂ ವಿಚಾರಣೆಯಲ್ಲಿತ್ತು. ಜೈಲಿನಲ್ಲಿದ್ದವನು ಸರ್ಕಾರದ ತಜ್ಞೆಗೇ ಬರೆದು ಕೇಳಿದ್ದಾನೆಂದರೆ ಅವನು ಮಾಡಬಹುದಾದ ಪ್ರಯತ್ನವನ್ನೆಲ್ಲ ಮಾಡಿದಂತಾಯಿತು. ಷರತ್ತು ಅಡ್ಡ ಬರುವುದಿಲ್ಲ, ಬಾಗಿಲು ತೆರೆಯುತ್ತದೆ. ಅವರು ಪಂಕಜಾಕ್ಷಿಯ ಮುಖ ನೋಡಿದರು. ಅವಳು ಮೇಜಿನ ಅಂಚು ನೋಡುತ್ತಿದ್ದಳು. ಜೈಲಿನ ಮೊಹರೂ ಹಿಂಬದಿಯಲ್ಲಿ ಅವನ ಹೆಸರೂ ಇದ್ದ ಆ ಇನ್‌ಲ್ಯಾಂಡು ಅವಳಿಗೆ ಚೆನ್ನಾಗಿ ನೆನಪಿತ್ತು.

ಕಾಗದ ಬಂದದ್ದಕ್ಕೆ ದಾಖಲೆ ಉಳಿದಿರಲಿಲ್ಲ. ಟಪಾಲು ಪುಸ್ತಕಗಳನ್ನು ಹತ್ತು ವರ್ಷಕ್ಕೆ ಸುಟ್ಟುಹಾಕುವುದು ಕಚೇರಿಯ ವಾಡಿಕೆ. ಜೈಲಿನವರ ಹತ್ತಿರವೂ ಇರಲಿಲ್ಲ. ಉಳಿದಿದ್ದ ದಾಖಲೆಯೆಂದರೆ ಅವಳ ನೆನಪೊಂದೇ.

"ಆರೋಪಿಗಳ ಜೊತೆ ಪತ್ರವ್ಯವಹಾರ ಮಾಡಬಾರದು ಅಂತ ನಿಯಮ ಇತ್ತು ಕಣ್ರೀ," ಎಂದಳು ಮನೆಯಲ್ಲಿ, ಹುರುಳಿಕಾಯಿ ಸೋಸುತ್ತ. "ಒಡೀದೆ ಹಾಗೇ ಕಚೇರಿಗೆ ಕೊಟ್ಟೆ. ನಿಯಮ ಪಾಲಿಸಿದೆ ಅಂತ ಅವತ್ತು ಹೆಮ್ಮೆ ಬೇರೆ."

ನಾಗಭೂಷಣ ಅವಳ ಎದುರಿಗೆ ಕೂತು ತಾವೂ ನಾಲ್ಕು ಕಾಯಿ ತೆಗೆದುಕೊಂಡರು. "ಕಾಗದ ಬಂತು ಅಂತ ನೀನು ಹೇಳಿದ್ರೆ ಏನಾಗತ್ತೆ ಗೊತ್ತಾ? ನಿನ್ನ ಕೈಯಿಂದ ಹೋದ ವರದಿಗಳೆಷ್ಟು?"

"ನಾನೂರ ಹನ್ನೆರಡು."

"ಅಷ್ಟೂ ತೆಗೆಸ್ತಾರೆ. ಅದರಲ್ಲಿ ನಿಜವಾಗಿ ಕೊಂದವರೂ ಇದಾರಲ್ಲೇ. ಅವರೂ ನಮ್ಮದೂ ಹಂಗೇ ಅಂತ ಬರ್ತಾರೆ. ಅವರಲ್ಲಿ ಒಬ್ಬ ಹೊರಗೆ ಬಂದ್ರೆ?"

"ಬರಬೋದು."

"ಜನ ನಿನ್ನ ಏನಂತಾರೆ?"

"ಜನ ಅನ್ನೋದು ಹಾಗಿರಲಿ. ಬಂದಿಲ್ಲ ಅಂತ ಒಂದು ಮಾತು ಹೇಳಿ ಮನೇಲಿ ಕೂರಬೋದು. ಯಾರಿಗೂ ಗೊತ್ತಾಗಲ್ಲ. ಅವನಿಗೂ ಗೊತ್ತಾಗಲ್ಲ." ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. "ಅವನು ತಪ್ಪು ಮಾಡಿದ್ದೀನಿ ಅಂತ ಒಂದು ಸಾಲು ಬರೆದಿದ್ರೆ ಮೂರು ವರ್ಷದ ಹಿಂದೇನೆ ಮನೆಗೆ ಹೋಗ್ತಿದ್ದ. ಬರೀಲಿಲ್ಲ ಕಣ್ರೀ. ನನಗೆ ಬರೆಯೋಕೆ ನಿಜವಾದ ತಪ್ಪೇ ಇದೆ."

ನಾಗಭೂಷಣ ಕಾಯಿ ಸೋಸಿ ಮುಗಿಸಿ, ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದರು.

ವಿಶೇಷ ಪೀಠದ ಮುಂದೆ ಅವಳು ನಿಂತದ್ದು ನಾಲ್ಕು ತಿಂಗಳ ಮೇಲೆ. ಹುಣಸೆಹಣ್ಣಿನ ವಿಷಯ ಹೇಳಿದಳು. ಕತ್ತರಿಸಿದ ಫೋಟೊದ ವಿಷಯ ಹೇಳಿದಳು. ಸರ್ಕಾರಿ ವಕೀಲ ಯುವಕ, ಚುರುಕಿನವನು. ಬೇಕಾದ ಕಡೆಗೆ ನೇರ ಬಂದ.

"ಆ ಕಾಗದ ನಿಮಗೆ ತಲುಪಿತ್ತೇ?"

"ತಲುಪಿತ್ತು. ಒಡೆಯದೆ ಹಾಗೇ ಕಚೇರಿಗೆ ಕೊಟ್ಟೆ."

"ದಾಖಲೆ ಇದೆಯೇ?"

"ಇಲ್ಲ."

"ಹಾಗಾದರೆ ನ್ಯಾಯಾಲಯ ಬರೀ ನಿಮ್ಮ ಮಾತನ್ನು ಹೇಗೆ ನಂಬಬೇಕು?"

"ಬರೀ ನನ್ನ ಮಾತು ನಂಬಿ ಇವರನ್ನು ಹದಿನೇಳು ವರ್ಷ ಒಳಗಿಟ್ಟಿದ್ದೀರಿ," ಎಂದಳು ಪಂಕಜಾಕ್ಷಿ. "ಅವತ್ತು ಯಾರೂ ದಾಖಲೆ ಕೇಳಲಿಲ್ಲ. ಅವತ್ತು ಕೇಳಬೇಕಿತ್ತು."

ಯುವಕ ಕಾಗದ ಸರಿಮಾಡಿಕೊಂಡು ಕೂತ. ಮೂವರು ನ್ಯಾಯಾಧೀಶರು ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಂಡರು.

ಆದೇಶ ಬಂದದ್ದು ಹತ್ತು ದಿನಕ್ಕೆ. ಶಿಕ್ಷೆ ರದ್ದಾಯಿತು. ಗಂಗಮ್ಮನ ಕೊಲೆಯನ್ನು ಮತ್ತೆ ಮೊದಲಿನಿಂದ ತನಿಖೆ ಮಾಡಬೇಕೆಂದೂ, ಪಂಕಜಾಕ್ಷಿ ಕೊಟ್ಟ ಎಲ್ಲ ವರದಿಗಳನ್ನೂ ಮರುಪರೀಕ್ಷೆಗೆ ಒಳಪಡಿಸಬೇಕೆಂದೂ ಕೊನೆಯ ಪುಟದಲ್ಲಿತ್ತು. ಅಂದು ಸಾವಂತ್ರಮ್ಮ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಓದಿ ಮುಗಿದ ಮೇಲೆ ಯಾರನ್ನೂ ಮಾತಾಡಿಸದೆ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಕೋರ್ಟಿನ ಜಗಲಿಯಲ್ಲಿ ವೀರಾಚಾರಿ ಕಾಗದಪತ್ರಕ್ಕೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಿದ್ದ. ಪಂಕಜಾಕ್ಷಿ ಅವನ ಎದುರಿಗೆ ಹೋಗಿ ನಿಂತಳು.

"ತಪ್ಪಾಯ್ತು ವೀರಾಚಾರ್ರೇ," ಎಂದಳು. "ನಿಮ್ಮ ಹತ್ರ ಕ್ಷಮೆ ಕೇಳೋ ಯೋಗ್ಯತೇನೂ ನನಗಿಲ್ಲ."

ಅವನು ಸ್ವಲ್ಪ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ. ಅವಳು ಕೂತಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಕಾಗದ ನೀವು ಒಡೆದೇ ಇಲ್ಲ ಅಂದ್ರಲ್ಲ. ಒಡೆದು ಓದಿದ್ರೆ, ಕುಟ್ಟಾಣಿ ತೆಗೆದು ನೋಡ್ತಿದ್ರಾ?"

ನೋಡುತ್ತಿದ್ದೆ ಎಂದರೆ ಅವನಿಗೆ ಸಮಾಧಾನವಾಗುತ್ತದೆಯೋ ಏನೋ. ಪಂಕಜಾಕ್ಷಿ ಆ ದಿನದ ತನ್ನನ್ನು ನೆನೆದಳು. ಮೇಜಿನ ಮೇಲೆ ಕಡತಗಳ ರಾಶಿ, ತನ್ನ ಮಾತಿಗೆ ಜಡ್ಜು ತಲೆಯಾಡಿಸಿದ್ದರೆಂಬ ಬಿಂಕ. ಎಲ್ಲ ಕೈದಿಗಳೂ ಹೀಗೇ ಬರೆಯುತ್ತಾರೆ ಎನ್ನುತ್ತಿದ್ದ ತನ್ನದೇ ದನಿ.

"ಇಲ್ಲ," ಎಂದಳು. "ಓದಿದ್ರೂ ನೋಡ್ತಿರಲಿಲ್ಲ."

ವೀರಾಚಾರಿ ತಲೆಯಾಡಿಸಿದ. ತನ್ನ ಎಡಗೈಯ ಹೆಬ್ಬೆರಳನ್ನು ಒಮ್ಮೆ ಸವರಿಕೊಂಡ.

"ಹಂಗಾದ್ರೆ ಹೋಗ್ಲಿ ಬಿಡಿ," ಎಂದ. "ಇಷ್ಟು ವರ್ಷ ನಾನೇ ಕಾಗದ ಸರಿಯಾಗಿ ಬರೀಲಿಲ್ಲ ಅಂದ್ಕೊಂಡಿದ್ದೆ. ಇನ್ನೊಂಚೂರು ಬಿಡಿಸಿ ಬರೆದಿದ್ರೆ ಮೇಡಮ್ಮೋರು ನೋಡೋರು ಅಂತ ದಿನಾ ಅನ್ನಿಸ್ತಿತ್ತು."

ಒಳಗಿನಿಂದ ಯಾರೋ ಅವನ ಹೆಸರು ಕೂಗಿದರು. ಅವನು ಎದ್ದು ಪಂಚೆ ಸರಿಮಾಡಿಕೊಂಡು, ಬರ್ತೀನಿ ಅಮ್ಮ ಎಂದು ಹೇಳಿ ಸಹಿ ಹಾಕಲು ಹೋದ.